ಅಂಬಲಿ ಒಂದೇ, ರುಚಿ ಅವರವರದ್ದು

ಇವತ್ತು ಬೆಳಗ್ಗೆ ಅಂಬಲಿ ಪಾತ್ರೆಯ ಮುಚ್ಚಳ ತೆಗೆದರೆ ಹುಳಿ ಘಮ ಜೋರಾಗೇ ಇತ್ತು. ಬೆಂಗಳೂರಿಗೆ ಸೆಕೆ ಬಂತು.

ಡಿಸೆಂಬರ್ ಚಳಿಯಲ್ಲಿ 12 ಗಂಟೆ ಹಿಡಿಯೋ ಹುಳಿ, ಏಪ್ರಿಲ್‌ನಲ್ಲಿ 6-7 ಗಂಟೆಗೇ ಬಂದುಬಿಡುತ್ತೆ.

3 ದೊಡ್ಡ ಚಮಚ ರಾಗಿ ಹಿಟ್ಟನ್ನ ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯೋ 2 ಲೋಟ ನೀರಿಗೆ ಹಾಕಿ. ಸಣ್ಣ ಉರಿ, ಕೈ ಬಿಡದೆ ತಿರುವಬೇಕು. ಬಣ್ಣ ಗಾಢವಾಗಿ ಮೇಲೆ ಹೊಳಪು ಬಂದರೆ ಬೆಂದಿದೆ. ಅರೆಬೆಂದರೆ ಹಸಿ ವಾಸನೆ ಹೋಗಲ್ಲ. ಪೂರ್ತಿ ಆರಿದ ಮೇಲೇ ಒಂದು ಚಮಚ ಮಜ್ಜಿಗೆ ಬೆರೆಸಿ ಮುಚ್ಚಿಡಿ. ಬಿಸಿಗೆ ಹಾಕಿದರೆ ಹೊಟ್ಟೆಗೆ ಒಳ್ಳೇದು ಮಾಡೋ ಬ್ಯಾಕ್ಟೀರಿಯಾನೇ ಸತ್ತುಹೋಗುತ್ತೆ.

ಹುಳಿ ಸೇರದವರು ಮನೇಲಿ ಇದ್ದೇ ಇರ್ತಾರೆ. ಅದಕ್ಕೆ ಬೆಲ್ಲ ಸುರಿಯೋದು ನನಗೆ ಸರಿ ಕಾಣಲ್ಲ. ಅವರ ಪಾಲನ್ನ ಮೊದಲೇ ಎತ್ತಿ ಫ್ರಿಜ್ಜಲ್ಲಿಡಿ, ಹುಳಿ ಅಲ್ಲಿಗೇ ನಿಧಾನ ಆಗುತ್ತೆ.

ಅಂಬಲಿಗೆ ಹಾಕೋ ಹಸಿ ಈರುಳ್ಳಿ ತಿಂದ್ರೆ ಹೊಟ್ಟೆ ಉಬ್ಬರಿಸುತ್ತಾ? ಅದರ ಬದಲು ಸೌತೆಕಾಯಿ ತುರಿದು ಹಾಕಿ, ಜೊತೆಗೆ ಚೂರು ಶುಂಠಿ.

ಒಗ್ಗರಣೆ ಇಲ್ಲದೆ ಗಂಟಲಲ್ಲಿ ಇಳಿಯಲ್ಲ ಅನ್ನೋರಿಗೆ ಸಾಸಿವೆ, ಇಂಗು, ಕರಿಬೇವು. ಅದನ್ನೂ ತಣ್ಣಗಾದ ಮೇಲೇ ಹಾಕಿ. ಅಭ್ಯಾಸ ಇಲ್ಲದವರು ಮೊದಲ ವಾರ ಅರ್ಧ ಲೋಟ ಕುಡಿದರೆ ಸಾಕು.