ಓರ್ಟೇಲಿಯಸ್‌ನ ಐಸ್‌ಲ್ಯಾಂಡ್: ಕೆತ್ತಿದ ಇಸವಿ 1585, ಹೊರಬಂದದ್ದು 1590

ಆಂಟ್‌ವರ್ಪ್‌ನ ನಕಾಶೆಗಾರ ಅಬ್ರಹಾಂ ಓರ್ಟೇಲಿಯಸ್ ಹೊರತಂದ ಐಸ್‌ಲ್ಯಾಂಡಿನ ನಕಾಶೆ ‘ಇಸ್ಲಾಂಡಿಯಾ’ದ ಮೇಲೆ 1585 ಎಂದಿದೆ. ಹಾಗಾಗಿ ಹಳೆಯ ನಕಾಶೆ ಮಾರುವ ಅಂಗಡಿಯವರು ಅದಕ್ಕೆ 1585ರ ಚೀಟಿಯನ್ನೇ ಅಂಟಿಸುವುದುಂಟು. ಆದರೆ ಆ ಇಸವಿ ಇರುವುದು ಹತ್ತು ವರ್ಷದ ಮುದ್ರಣ ಸನ್ನದಿನ (ಬೇರೆಯವರು ಅಚ್ಚುಹಾಕದಂತೆ ಕೊಟ್ಟ ಹಕ್ಕಿನ) ಸಾಲಿನಲ್ಲಿ. ನಕಾಶೆ ಜನರ ಕೈಗೆ ಬಂದದ್ದು 1590ರಲ್ಲಿ, ಅವನ ‘ಥಿಯೇಟ್ರಂ’ ಅಟ್ಲಾಸಿನ ನಾಲ್ಕನೆಯ ಪುರವಣಿಯಲ್ಲಿ. ಹಳೆಯ ಪ್ರತಿ ಇದ್ದವರು ಹೊಸ ಹಾಳೆಗಳನ್ನಷ್ಟೇ ಕೊಂಡು ಸೇರಿಸಿಕೊಳ್ಳಲೆಂದು ಇಂಥ ಪುರವಣಿಗಳು ಬರುತ್ತಿದ್ದವು. ಅರ್ಪಣೆ ಡೆನ್ಮಾರ್ಕಿನ ದೊರೆ ಎರಡನೇ ಫ್ರೆಡರಿಕನಿಗೆ. ಅವನು 1588ರಲ್ಲೇ ತೀರಿಕೊಂಡಿದ್ದ. ಅಚ್ಚಿಗೆಂದು ಕೆತ್ತಿದ ತಗಡಿನ ಮೇಲೆ ಅರ್ಪಣೆ ಹಾಗೇ ಉಳಿಯಿತು.

ಅರ್ಪಿಸಿದವನು ಆಂಡ್ರಿಯಾಸ್ ವೆಲ್ಲೇಯಸ್, ಅಂದರೆ ಡೇನಿಷ್ ಇತಿಹಾಸಕಾರ ಆಂಡರ್ಸ್ ವೇಡೆಲ್. ಆದರೆ ಊರು, ಫಿಯರ್ಡ್ (ನೆಲದೊಳಕ್ಕೆ ಚಾಚಿದ ಕಿರಿದಾದ ಕಡಲತೋಳು), ಹಿಮನದಿಗಳ ಅಷ್ಟೊಂದು ವಿವರ ಐಸ್‌ಲ್ಯಾಂಡಿನ ಹೋಲರ್‌ನ ಬಿಷಪ್ ಗುಡ್‌ಬ್ರಾಂಡುರ್ ಥೋರ್ಲಾಕ್ಸನ್‌ನಿಂದ ಬಂದದ್ದೆಂದು ವಿದ್ವಾಂಸರು ನಂಬುತ್ತಾರೆ. ನನ್ನ ಮಟ್ಟಿಗೆ ನಕಾಶೆಯ ನಿಜವಾದ ಯಜಮಾನ ಅವನೇ, ಹಾಳೆಯ ಮೇಲೆ ಹೆಸರಿಲ್ಲದಿದ್ದರೂ.

ಕೈಯಲ್ಲಿರುವ ಪ್ರತಿ ಅಚ್ಚಾದ ಇಸವಿ ಪತ್ತೆಮಾಡಲು ಹಾಳೆ ತಿರುಗಿಸಿ. ಮುಂಬದಿ ತಾಮ್ರದ ತಗಡಿನಿಂದ, ಉರುಳೆ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಹಿಂಬದಿಯ ಬರಹ ಅಚ್ಚುಮೊಳೆ ಜೋಡಿಸಿ ಬೇರೆ ಪ್ರೆಸ್ಸಿನಲ್ಲಿ ಒತ್ತಿದ್ದು. ತಗಡು ಅದೇ ಇದ್ದರೂ ಮೊಳೆಗಳನ್ನು ಆವೃತ್ತಿಗೊಮ್ಮೆ ಹೊಸದಾಗಿ ಜೋಡಿಸಬೇಕಿತ್ತು. ಹಾಗಾಗಿ ಲ್ಯಾಟಿನ್ನೋ ಜರ್ಮನ್ನೋ, ಪುಟಸಂಖ್ಯೆ ಎಷ್ಟು, ಸಾಲುಗಳು ಎಲ್ಲಿ ಮುರಿದಿವೆ ಎಂಬುದರಿಂದ ಆವೃತ್ತಿ ಗೊತ್ತಾಗುತ್ತದೆ. ಇಂಗ್ಲಿಷ್ ಬರಹವಿದ್ದರೆ 1606ರ ಲಂಡನ್ ಆವೃತ್ತಿ. ಚೌಕಟ್ಟು ಹಾಕುವಾಗ ಹಿಂಬದಿಗೆ ರಟ್ಟು ಅಂಟಿಸಿದ್ದರೆ ಈ ಸಾಕ್ಷ್ಯವೆಲ್ಲ ಮುಚ್ಚಿಹೋಗುತ್ತದೆ.

ಮುಚ್ಚಿಹೋಗುವುದು ಇಸವಿಯಷ್ಟೇ ಅಲ್ಲ. ಕಡಲಿನ ವಿಚಿತ್ರ ಪ್ರಾಣಿಗಳಿಗೆ ಎ, ಬಿ, ಸಿ ಎಂದು ಅಕ್ಷರ ಹಾಕಿದೆ, ವಿವರಣೆ ಹಿಂಬದಿಯಲ್ಲಿ. ‘ಎ’ ಅಂದರೆ ನಾರ್ವಾಲ್, ಉದ್ದ ಹಲ್ಲು ಚಾಚಿದ ತಿಮಿಂಗಿಲ: ತಿಂದವರು ಸಾಯುತ್ತಾರೆ, ಏಳು ಮೊಳದ ಹಲ್ಲನ್ನು ಒಂಟಿಕೊಂಬಿನ ಕುದುರೆಯ ಕೊಂಬೆಂದು ಮಾರುತ್ತಾರೆ ಎನ್ನುತ್ತದೆ ಬರಹ. ಹೆಕ್ಲಾ ಜ್ವಾಲಾಮುಖಿಯ ಟಿಪ್ಪಣಿ ಮಾತ್ರ ನಕಾಶೆಯಲ್ಲೇ, ಬೆಟ್ಟದ ಪಕ್ಕದಲ್ಲಿ ಇದೆ.

ನಕಲಿನ ಅನುಮಾನವಿದ್ದರೆ ಭೂತಗನ್ನಡಿ ಹಿಡಿಯಿರಿ. ಗೆರೆಗಳು ಚುಕ್ಕಿಚುಕ್ಕಿಯಾಗಿ ಒಡೆದು ಕಂಡರೆ ಅದು ಈಗಿನ ಕಾಲದ ಆಫ್‌ಸೆಟ್ ಮುದ್ರಣದ ಪ್ರತಿ. ಮೂಲದಲ್ಲಿ ಅಂಚಿನ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ, ನಡುವೆ ಮಡಿಕೆ ಇರುತ್ತದೆ. ಬೆಳಕಿಗೆ ಹಿಡಿದರೆ ಕಾಗದದಲ್ಲಿ ಅದನ್ನು ತಯಾರಿಸಿದ ಜಾಲರಿಯ ಗೆರೆ ಕಾಣುತ್ತದೆ. ಬಣ್ಣವನ್ನು ನೆಚ್ಚಿಕೊಳ್ಳಬೇಡಿ: ಅದು ಕೈಯಿಂದ ಹಚ್ಚಿದ್ದು, ಕಳೆದ ವರ್ಷವೂ ಹಚ್ಚಿರಬಹುದು.