ಡಿ ಡ್ರೈವನ್ನು 60 ಜಿಬಿ ಬಲಕ್ಕೆ ಸರಿಸಿದ ದಿನಚರಿ

ಶನಿವಾರ ಸಂಜೆ, ತುಮಕೂರು. ಮನೆಯ ಹಳೆಯ ಕಂಪ್ಯೂಟರಿನ 500 ಜಿಬಿ ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ ಜೊತೆಗೆ ಹಾಕಿಕೊಂಡ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಗೆಂದು ಬಿಟ್ಟಿದ್ದ 40 ಜಿಬಿ ತುಂಬಿಹೋಗಿದೆ. ಅದರ ಬಲಕ್ಕೆ ಅಂಟಿಕೊಂಡಿರುವ 300 ಜಿಬಿಯ ಡಿ ಡ್ರೈವ್‌ನಲ್ಲಿ ತಿಪಟೂರು ಕಡೆಯ ತೋಟದ ಕೊಬ್ಬರಿ ಲೆಕ್ಕವೂ ಮದುವೆಯ ಫೋಟೊಗಳೂ ಇದ್ದರೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ (ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿಡುವ ಸೌಲಭ್ಯ) ತೆಗೆದುಹಾಕಿ, ಪೆನ್‌ಡ್ರೈವ್‌ನಿಂದ ಡಿಸ್ಕಿನ ಭಾಗಗಳನ್ನು ಬದಲಿಸುವ ಜಿಪಾರ್ಟೆಡ್ ಎಂಬ ತಂತ್ರಾಂಶ ತೆರೆದೆ. ಡಿ ಡ್ರೈವ್ 240 ಜಿಬಿಗೆ ಕುಗ್ಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಂ (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ), ಆಮೇಲೆ ಪಾರ್ಟಿಷನ್ನಿನ, ಅಂದರೆ ಡಿಸ್ಕಿನಲ್ಲಿ ಅದಕ್ಕೆಂದು ಬಿಟ್ಟ ಭಾಗದ, ಗಡಿ. ಹಿಗ್ಗಿಸುವಾಗ ಇದು ತಿರುಗುಮುರುಗು. ಈ ಕ್ರಮ ತಪ್ಪಿದರೆ ಫೈಲ್ ಸಿಸ್ಟಂನ ಬಾಲ ಗಡಿಯಾಚೆ ಉಳಿದುಬಿಡುತ್ತದೆ.

ಭಾನುವಾರ ಬೆಳಿಗ್ಗೆ. ಬಿಡುವಾದ ಜಾಗ ಡಿಸ್ಕಿನ ಬಲತುದಿಯಲ್ಲಿದೆ, ಬೇಕಾಗಿರುವುದು ಲಿನಕ್ಸ್‌ನ ಪಕ್ಕದಲ್ಲಿ. ಆದ್ದರಿಂದ ಡಿ ಡ್ರೈವ್ ಇಡಿಯಾಗಿ ಬಲಕ್ಕೆ ಸರಿಯಬೇಕು. ನಿಜವಾದ ಶ್ರಮ ಇರುವುದು ಇಲ್ಲಿಯೇ. ಹಳೆಯ ಜಾಗವೂ ಹೊಸ ಜಾಗವೂ 180 ಜಿಬಿಯಷ್ಟು ಒಂದರ ಮೇಲೊಂದು ಬೀಳುವುದರಿಂದ, ಮೊದಲ ಸೆಕ್ಟರಿನಿಂದ (ಡಿಸ್ಕಿನ ಚಿಕ್ಕ ತುಣುಕು) ನಕಲು ಶುರುಮಾಡಿದರೆ ಇನ್ನೂ ಓದದ ದತ್ತಾಂಶದ ಮೇಲೆಯೇ ಬರೆದಂತಾಗುತ್ತದೆ. ಊಟದ ಪಂಕ್ತಿಯಲ್ಲಿ ಕುಳಿತವರೆಲ್ಲ ಬಲಕ್ಕೆ ಮೂರು ಎಲೆ ಸರಿಯಬೇಕಾದರೆ ಬಲತುದಿಯವರೇ ಮೊದಲು ಏಳಬೇಕಲ್ಲವೇ? ಜಿಪಾರ್ಟೆಡ್ ಕೂಡ ಹಾಗೆಯೇ ಕೊನೆಯಿಂದ ಹಿಂದಕ್ಕೆ, ಖಾಲಿ ಸೆಕ್ಟರುಗಳನ್ನೂ ಬಿಡದೆ, ನಕಲು ಮಾಡುತ್ತಾ ಬಂದಿತು. ಒಂದೇ ಡಿಸ್ಕಿನಲ್ಲಿ ಓದುವುದೂ ಬರೆಯುವುದೂ ನಡೆಯಬೇಕಾದ್ದರಿಂದ ಸುಮಾರು ಎರಡು ಗಂಟೆ ಹಿಡಿಯಿತು. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ವಿಳಾಸದಲ್ಲಿ, ಅರ್ಧ ಹೊಸ ವಿಳಾಸದಲ್ಲಿ ಉಳಿಯುತ್ತದೆ. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾಳದು. ಆ ಎರಡು ಗಂಟೆ ನಾನು ಫ್ಯಾನಿನ ಕಡೆಗೇ ನೋಡುತ್ತಾ ಕುಳಿತಿದ್ದೆ.

ಅನಂತರ ಲಿನಕ್ಸ್ ಪಾರ್ಟಿಷನ್ 100 ಜಿಬಿಗೆ ಹಿಗ್ಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಭಾನುವಾರ ರಾತ್ರಿ. ಲಿನಕ್ಸ್ ಯಾವ ತಕರಾರೂ ಇಲ್ಲದೆ ತೆರೆಯಿತು. ಅದು ಪಾರ್ಟಿಷನ್ನುಗಳನ್ನು ಯುಯುಐಡಿಯಿಂದ, ಅಂದರೆ ಪ್ರತಿಯೊಂದಕ್ಕೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆಯಿಂದ, ಗುರುತಿಸುತ್ತದೆ, ಜಾಗ ಬದಲಾದರೂ ಯುಯುಐಡಿ ಬದಲಾಗುವುದಿಲ್ಲ. ವಿಂಡೋಸ್ ಮಾತ್ರ ಮೊದಲು ಡಿಸ್ಕ್ ತಪಾಸಣೆ ನಡೆಸಿ, ಆಮೇಲೆ ಡಿ ಡ್ರೈವನ್ನು ಇ ಎಂದು ತೋರಿಸಿತು. ನನ್ನದು ಹಳೆಯ ಎಂಬಿಆರ್ ಡಿಸ್ಕ್, ಅಂದರೆ ಪಾರ್ಟಿಷನ್ನುಗಳ ಪಟ್ಟಿಯನ್ನು ಹಳೆಯ ಪದ್ಧತಿಯಲ್ಲಿ ಬರೆದಿಟ್ಟ ಡಿಸ್ಕ್. ಅದರಲ್ಲಿ ವಿಂಡೋಸ್ ಡ್ರೈವಿನ ಅಕ್ಷರವನ್ನು ಡಿಸ್ಕಿನ ಸಹಿ (ಡಿಸ್ಕಿನ ಗುರುತಿನ ಸಂಖ್ಯೆ) ಮತ್ತು ಪಾರ್ಟಿಷನ್ ಆರಂಭವಾಗುವ ಸ್ಥಾನ ಇವೆರಡರಿಂದ ನೆನಪಿಟ್ಟುಕೊಳ್ಳುತ್ತದೆ, ನಾನು ಸರಿಸಿದ್ದು ಆ ಸ್ಥಾನವನ್ನೇ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರವನ್ನು ಡಿ ಎಂದು ಬದಲಿಸಿದ ಮೇಲೆ ಕೊಬ್ಬರಿ ಲೆಕ್ಕದ ಕಡತ ತೆರೆಯಿತು.