ಅಪ್ಪನ ಗಾಳದ ಟ್ರಂಕು: ಆರು ವಾರದಲ್ಲಿ ಆದ ಕೆಲಸ

ಅಪ್ಪ ಹೋದ ಮೇಲೆ ಅವ್ವ ಅವನ ಬಟ್ಟೆಗಳನ್ನು ಬೇಕಾದವರಿಗೆ ಕೊಟ್ಟಳು. ಮಂಚದ ಕೆಳಗಿನ ತಗಡಿನ ಟ್ರಂಕು ಮಾತ್ರ ಮೂರು ತಿಂಗಳು ಅಲ್ಲೇ ಇತ್ತು. "ಅದು ನಿಂದು, ನೀನ ನೋಡ್ಕೊ" ಅಂದಳು.

ನಮ್ಮ ಮನೆ ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಹತ್ತಿರ. ಭಾನುವಾರ ಬಂದರೆ ಅಪ್ಪ ತುಂಗಭದ್ರಾ ಹಿನ್ನೀರಿನ ದಂಡೆಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದ. ಆ ಸಾಮಾನನ್ನೆಲ್ಲ ಮತ್ತೆ ನೀರಿಗಿಳಿಯುವ ಹಾಗೆ ಮಾಡಬೇಕು ಅಂತ ಹೊರಟೆ.

ಮೊದಲ ವಾರ ಸುಮ್ನೆ ಹೊರಗಿಟ್ಟು ನೋಡಿದೆ. ಮೂರು ತುಂಡಿನ ಬಿದಿರು ಕೋಲು, ಒಂದು ಫೈಬರ್ ಕೋಲು, ದಾರ ಸುತ್ತುವ, ಆದರೆ ತಿರುಗದ ಒಂದು ರೀಲು, ಸೀಸದ ಗುಂಡುಗಳ ಚೀಲ, ಒಂದು ಬೀಸುಬಲೆ. ಹಳೆಯ ಕ್ಯಾಮೆರಾ ರೀಲಿನ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಅಳತೆ ಪ್ರಕಾರ ಗಾಳಗಳು. ನೀರಿನ ಮೇಲೆ ತೇಲಲು ನವಿಲುಗರಿಯ ದಂಟಿನಿಂದ ಮಾಡಿದ ಬೆಂಡುಗಳು ಒಂಬತ್ತು. ಅದರ ಜೊತೆ ಎತ್ತಿನ ಕೊರಳಿನ ಎರಡು ಗೆಜ್ಜೆ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಕಟ್ಟಿದ್ದು. ಗೆಜ್ಜೆ ಇಲ್ಲಿಗೆ ಯಾಕೆ ಬಂತು ಅಂತ ಆಗ ಹೊಳೆಯಲಿಲ್ಲ.

ರೀಲಿಗೆ ಎರಡು ವಾರ ಹಿಡಿಯಿತು. ಒಳಗಿನ ಗ್ರೀಸು ಗಟ್ಟಿಯಾಗಿ ಮೇಣದಂತಾಗಿತ್ತು. ಒಂದೊಂದು ಸ್ಕ್ರೂ ಬಿಚ್ಚಿದಾಗಲೂ ಫೋಟೋ ತೆಗೆದುಕೊಂಡೆ. ಹಾಗೆ ಮಾಡದಿದ್ದರೆ ಯಾವ ವಾಷರ್ ಯಾವುದರ ಮೇಲೆ ಅಂತ ತಿಳಿಯುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಹಲ್ಲುಚಕ್ರಕ್ಕೆ ಹೊಸ ಗ್ರೀಸು, ಹಿಡಿಕೆಗೆ ಹೊಲಿಗೆ ಮಷಿನ್ ಎಣ್ಣೆ ಹಾಕಿದೆ. ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬಿಲ್ಲೆಗಳಿವೆ ಅಲ್ವಾ, ಅವಕ್ಕೆ ಎಣ್ಣೆ ತಾಗಿಸಲಿಲ್ಲ. ಜಾರಿದರೆ ಹಿಡಿತವೇ ಹೋಗುತ್ತದೆ. ದಾರ ಹಿಡಿಯುವ ಕಮಾನಿನ ಸ್ಪ್ರಿಂಗ್ ಹಾರಿ ಎರಡು ದಿನ ಕಾಣೆಯಾಗಿತ್ತು. ಕೊನೆಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿ ಹುಡುಕಿದೆ.

ಬಿದಿರು ಕೋಲಿನದು ಬೇಗ ಮುಗಿಯಿತು. ಸೀಳು ಬಿಟ್ಟ ಕಡೆ ಅಂಟು ತುಂಬಿ, ಒತ್ತಾಗಿ ದಾರ ಸುತ್ತಿ, ಮೇಲೆ ಮೂರು ಸಲ ವಾರ್ನಿಷ್ ಹಚ್ಚಿದೆ.

ನಾಲ್ಕನೇ ವಾರ ದಾರಕ್ಕೆ ಬಂದೆ. ನೈಲಾನು ಬಿಸಿಲಿಗೂ ವಯಸ್ಸಿಗೂ ಸೊರಗುತ್ತದೆ. ಕೈಗೆ ಸುತ್ತಿ ಜಗ್ಗಿದರೆ ಪಟ್ ಅಂತ ಕಡಿಯಿತು. ಎಲ್ಲ ತೆಗೆಯಲೇಬೇಕಿತ್ತು. ತೆಗೆಯುವ ಮೊದಲು ಅಪ್ಪನ ಗಂಟು ಕಲಿಯೋಣ ಅಂತ ಭೂತಗನ್ನಡಿ ಹಿಡಿದು ಕೂತೆ. ಇವು ಕಣ್ಣಿಲ್ಲದ ಗಾಳಗಳು, ತಲೆ ಚಪ್ಪಟೆ. ದಾರ ಪೋಣಿಸಲು ತೂತಿಲ್ಲ, ಕಡ್ಡಿಯ ಉದ್ದಕ್ಕೂ ಸುತ್ತಿಯೇ ಬಿಗಿಯಬೇಕು.

ಅಲ್ಲಿ ಎರಡು ತರದ ಗಂಟು ಕಂಡವು. ಒಂದು ಡಬ್ಬಿಯಲ್ಲಿ ಐದು ಸುತ್ತು, ತುದಿ ಬೆಂಕಿಕಡ್ಡಿಯಿಂದ ಸುಟ್ಟು ಕಪ್ಪು ಉಂಡೆ. ಇದು ಅಪ್ಪನದು. ನಾನು ಸಣ್ಣವನಿದ್ದಾಗ ಅವನು ಹಾಗೆ ಸುಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಇನ್ನೊಂದು ಡಬ್ಬಿಯಲ್ಲಿ ಏಳು ಸುತ್ತು, ಒಂದರ ಪಕ್ಕ ಒಂದು ಕೂಡಿಸಿಟ್ಟ ಹಾಗೆ, ತುದಿ ಕತ್ತರಿಯಿಂದ ಕತ್ತರಿಸಿದ್ದು. ಪ್ರತಿಯೊಂದಕ್ಕೂ ಗೇಣುದ್ದದ ದಾರ, ಆಚೆ ತುದಿಯಲ್ಲಿ ಕುಣಿಕೆ.

ಅವ್ವನಿಗೆ ತೋರಿಸಿದೆ. ಅವಳು ಕೌದಿ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಅವು ನಾ ಕಟ್ಟಿದ್ದು" ಅಂದಳು.

ಅಪ್ಪನಿಗೆ ಕಣ್ಣಿನ ಪೊರೆ ಬಂದಿತ್ತು. ಸಣ್ಣ ದಾರ ಕಾಣುತ್ತಿರಲಿಲ್ಲ. ಶನಿವಾರ ರಾತ್ರಿ ಅವ್ವ ಹತ್ತು ಗಾಳ ಕಟ್ಟಿ ಡಬ್ಬಿಗೆ ಹಾಕುತ್ತಿದ್ದಳು. ದಂಡೆಯ ಮೇಲೆ ಗಾಳ ಕಳೆದರೆ ಅಪ್ಪ ಕುಣಿಕೆಗೆ ಕುಣಿಕೆ ಸೇರಿಸಿ ಇನ್ನೊಂದನ್ನು ಹಾಕುತ್ತಿದ್ದ. ಅದಕ್ಕೆ ಕಣ್ಣು ಬೇಡ, ಬೆರಳು ಸಾಕು.

ನಮಗ್ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರ ನೀವು ಅವರನ್ನ ನೀರಿನ ಕಡೆ ಬಿಡ್ತಿದ್ರೇನು?"

ಬಿಡುತ್ತಿರಲಿಲ್ಲ.

ಗೆಜ್ಜೆಯ ವಿಷಯ ಆಗ ತಿಳಿಯಿತು. ಮೀನು ಕಚ್ಚಿದಾಗ ಬೆಂಡು ಮುಳುಗಿದ್ದನ್ನು ಕಣ್ಣಿಂದ ನೋಡಬೇಕು. ಕೋಲಿನ ತುದಿಗೆ ಗೆಜ್ಜೆ ಸಿಕ್ಕಿಸಿದರೆ ಕಿವಿಗೇ ಗೊತ್ತಾಗುತ್ತದೆ. ಬೆಂಡು ಬಿಟ್ಟು ಗೆಜ್ಜೆಗೆ ಬಂದಾಗ ಭಾರದ ಸೀಸ ಕಟ್ಟಿ ಎರೆಯನ್ನು ತಳಕ್ಕೆ ಇಳಿಸಿದ್ದಾನೆ. ಕಾಟ್ಲಾ ಮೀನು ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಕೊನೆಯ ನಾಲ್ಕೈದು ವರ್ಷ ನಮ್ಮ ಮನೆಯ ಸಾರಿನಲ್ಲಿ ಮೃಗಾಲೇ ಜಾಸ್ತಿ ಇರುತ್ತಿತ್ತು. ತಿಂದೆವು, ಯಾಕೆ ಅಂತ ಯಾರೂ ಕೇಳಲಿಲ್ಲ.

ಇನ್ನೊಂದೂ ನೆನಪಾಯಿತು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಅಪ್ಪ ನನ್ನನ್ನು ಕರೆದು ತುಂಗಭದ್ರಾ ಡ್ಯಾಂ ಮಟ್ಟ ಓದಿಸುತ್ತಿದ್ದ. ಭರ್ತಿ ಮಟ್ಟ 1633 ಅಡಿ, ಅದಕ್ಕೆ ಇನ್ನೆಷ್ಟು ಬಾಕಿ ಅಂತ ಲೆಕ್ಕ ಹಾಕುತ್ತಿದ್ದ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿ ಹೋದಾಗ ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ನೀರು ಎಷ್ಟು ಹೋಗುತ್ತಿದೆ ಅಂತ ಮತ್ತೆ ಮತ್ತೆ ನನ್ನನ್ನೇ ಕೇಳಿದ. ಮಾತಿಗೆ ಜೊತೆ ಬೇಕು ಅಂತ ಕರೆಯುತ್ತಾನೆ ಅಂದುಕೊಂಡಿದ್ದೆ.

ಐದನೇ ವಾರ ಅವ್ವನ ಹತ್ತಿರ ಗಂಟು ಕಲಿತೆ. ದಾರವನ್ನು ಗಾಳದ ಕಡ್ಡಿಗೆ ಒರಗಿಸಿ ಮಡಚಬೇಕು. ಮಡಿಕೆಯ ಮೇಲೆ ಏಳು ಸುತ್ತು ಹಾಕಿ, ತುದಿಯನ್ನು ಮಡಿಕೆಯೊಳಗೆ ತೂರಿಸಿ, ಬಾಯಲ್ಲಿ ಒದ್ದೆ ಮಾಡಿ ಮೆಲ್ಲಗೆ ಜಗ್ಗಬೇಕು. ಒಣ ದಾರ ಜಗ್ಗಿದರೆ ತಿಕ್ಕಾಟದ ಬಿಸಿಗೆ ಗಂಟಿನಲ್ಲೇ ಸೊರಗುತ್ತದೆ. ನಾನು ಅವಸರ ಮಾಡಿದೆ. "ಹಂಗಲ್ಲೋ ತಮ್ಮಾ, ಸುತ್ತಿನ ಮ್ಯಾಲ ಸುತ್ತು ಏರಬಾರದು" ಅಂತ ಬಿಚ್ಚಿಸಿದಳು. ಎರಡು ಲೀಟರಿನ ನೀರಿನ ಬಾಟಲಿ ಕಟ್ಟಿ, ತೊಲೆಗೆ ನೇತುಹಾಕಿ ಪರೀಕ್ಷೆ ಮಾಡಿದೆವು. ನನ್ನವು ಮೊದಲ ನಾಲ್ಕು ಜಾರಿದವು. ಐದನೆಯದು ರಾತ್ರಿಯಿಡೀ ನಿಂತಿತು. ಅಪ್ಪನ ತರ ತುದಿ ಸುಡುವುದನ್ನು ಬಿಟ್ಟೆ, ಬಿಸಿ ಗಂಟಿಗೆ ತಾಗಿದರೆ ಅಲ್ಲೇ ಕಡಿಯುತ್ತದೆ. ಅವ್ವನದೇ ಸರಿಯಾದ ಕಟ್ಟು.

ಸೀಸದ ಗುಂಡು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅದೇ ಕೈಯಿಂದ ಎರೆಯ ಹಿಟ್ಟು ನಾದಿ, ಅದೇ ಕೈಯಿಂದ ಬುತ್ತಿ ಉಣ್ಣುವ ಅಭ್ಯಾಸ ನಮ್ಮ ಕಡೆ ಬಹಳ.

ಎಲ್ಲಿ ಹಾಕುವುದು ಅನ್ನುವುದೂ ತೀರ್ಮಾನವಾಗಿದೆ. ಡ್ಯಾಂ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಜಾಗ. ಅಲ್ಲಿ ನಾನು ಗಾಳ ಹಾಕುವುದಿಲ್ಲ, ಅಲ್ಲಿನ ಮೀನು ಅವುಗಳ ಊಟ. ಹಿನ್ನೀರಿಗೂ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಹೋಗುತ್ತೇನೆ. ಮೊದಲ ಮಳೆಗೆ ಮೀನು ಮೊಟ್ಟೆ ಇಡುವ ಕಾಲದಲ್ಲಿ ಅಪ್ಪ ಟ್ರಂಕಿನ ಬೀಗ ತೆಗೆಯುತ್ತಿರಲಿಲ್ಲ, ನಾನೂ ತೆಗೆಯುವುದಿಲ್ಲ. ಎರೆಗೆ ಅವನದೇ ಲೆಕ್ಕ, ಎರಡು ಪಾಲು ಜೋಳದ ಹಿಟ್ಟು, ಒಂದು ಪಾಲು ಶೇಂಗಾ ಹಿಂಡಿ.

ಉಳಿದದ್ದು ಬೀಸುಬಲೆ. ನಿನ್ನೆ ಅಂಗಳದಲ್ಲಿ ಹರವಿದೆ. ಅಂಚಿನ ಸೀಸದ ಮಣಿ ಮೂರು ಉದುರಿವೆ, ಇಲಿ ಕಡಿದ ತೂತು ಅಂಗೈ ಅಗಲ. ನಡುವೆ ಒಂದು ಕಡೆ ಕೆಂಪು ಕೌದಿ ದಾರದ ತೇಪೆ ಇದೆ. ಯಾರ ಕೈ ಅಂತ ಈಗ ಕೇಳಬೇಕಿಲ್ಲ. ಬಲೆ ಹೆಣೆಯುವ ಸೂಜಿಯೂ ಅವ್ವನ ಹೊಲಿಗೆ ಡಬ್ಬಿಯಲ್ಲೇ ಸಿಕ್ಕಿತು. ಈ ಭಾನುವಾರ ಅಲ್ಲಿಂದ ಶುರು.